ತರಗತಿಯಲ್ಲಿ ಗಲಾಟೆ, ಶಿಕ್ಷಕರು ಒಬ್ಬರೇ: ಶಾಲೆ ಅವರ ಬೆನ್ನಿಗೆ ಹೇಗೆ ನಿಲ್ಲಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ಈ ಪ್ರಶ್ನೆಗಳು ಸ್ಟಾಫ್ ರೂಮಿನಲ್ಲಿ, ಕ್ಲಸ್ಟರ್ (ಸುತ್ತಮುತ್ತಲ ಶಾಲೆಗಳ ಗುಂಪು) ಸಭೆಯ ಊಟದ ಹೊತ್ತಿನಲ್ಲಿ, ಕೆಲವು ಸಲ ರಾತ್ರಿ ಒಂಬತ್ತರ ಫೋನಿನಲ್ಲಿ ನನ್ನ ಬಳಿ ಬಂದವು. ಮುಖ್ಯ ಶಿಕ್ಷಕರು, ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು), ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಓದಲಿ ಅಂತ ಬರೆದಿದ್ದೇನೆ. ತರಗತಿಯಲ್ಲಿ ದಿನವೂ ಒದ್ದಾಡುತ್ತಿರುವ ಶಿಕ್ಷಕರಂತೂ ಖಂಡಿತ ಓದಲಿ.

ಹೊಡೆಯುವ ಹಾಗಿಲ್ಲ, ಬೈಯುವ ಹಾಗಿಲ್ಲ. ಮತ್ತೆ ಶಿಕ್ಷಕರು ಮಾಡುವುದಾದರೂ ಏನು?

ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸಿಟ್ಟೂ ಇರುತ್ತದೆ, ಸುಸ್ತೂ ಇರುತ್ತದೆ. ಎರಡಕ್ಕೂ ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ತಪ್ಪಿದವರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಒಳ್ಳೆಯ ಕಾನೂನು. ಆದರೆ ಕೈಯಲ್ಲಿದ್ದ ಕೋಲು ಹೋದಷ್ಟು ಬೇಗ ಬೇರೆ ಏನೂ ನಮ್ಮ ಕೈಗೆ ಬರಲಿಲ್ಲ. ಶಿಕ್ಷಕರ ಸಿಟ್ಟು ಇರುವುದು ಅಲ್ಲೇ.

ಹಾಗಂತ ಕೋಲು ಕೆಲಸ ಮಾಡುತ್ತಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಿಂದಿನ ಊರ ಶಾಲೆಗಳಾದ ಕೂಲಿಮಠಗಳ ಕಾಲದಲ್ಲಿ ಮಕ್ಕಳಿಗೆ ಕೋದಂಡ (ಹಗ್ಗಕ್ಕೆ ಜೋತುಬೀಳಿಸುವ ಶಿಕ್ಷೆ) ಹಾಕಿಸುತ್ತಿದ್ದರು. ‘ದಂಡಂ ದಶಗುಣಂ’ ಅನ್ನುವ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದೆವು. ನಾನು ಕಲಿತ ಶಾಲೆಯಲ್ಲಿ ಮೇಜಿನ ಮೇಲೆ ಹುಣಸೆ ಬರಲು ಯಾವಾಗಲೂ ಇರುತ್ತಿತ್ತು. ವರ್ಷವಿಡೀ ಏಟು ತಿನ್ನುತ್ತಿದ್ದವರು ಅದೇ ನಾಲ್ಕು ಹುಡುಗರು. ಏಟಿನಿಂದ ತಿದ್ದುವ ಹಾಗಿದ್ದರೆ ಮುಂದಿನ ವರ್ಷಕ್ಕಾದರೂ ಅವರು ಆ ಸಾಲಿನಿಂದ ಹೊರಗೆ ಬಂದಿರಬೇಕಿತ್ತು, ಅಲ್ವಾ? ಅವರಲ್ಲಿ ಇಬ್ಬರು ಶಾಲೆಯನ್ನೇ ಬಿಟ್ಟರು.

‘ಶಿಕ್ಷಕರು ಏನು ಮಾಡಬೇಕು’ ಅನ್ನುವ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದನ್ನು ಇಡೋಣ. ಆ ಶಿಕ್ಷಕರಿಗಾಗಿ ಶಾಲೆ ಏನು ಮಾಡುತ್ತಿದೆ? ಕೆಳಗಿನ ಉತ್ತರಗಳಲ್ಲಿ ಜಾಸ್ತಿ ಪಾಲು ಅದರ ಬಗ್ಗೆಯೇ ಇದೆ.

ಯಾವುದೆಲ್ಲ ಶಿಕ್ಷೆ ಅಂತ ಲೆಕ್ಕ? ಬಸ್ಕಿ ಹೊಡೆಸುವುದೂ ತಪ್ಪಾ?

ತಪ್ಪು. ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು, ಮೊಣಕಾಲೂರಿಸುವುದು, ಬಿಸಿಲಲ್ಲಿ ಓಡಿಸುವುದು, ಕಿವಿ ಹಿಂಡುವುದು, ಇವೆಲ್ಲವೂ ದೈಹಿಕ ಶಿಕ್ಷೆಯೇ. ಬಿಸಿಯೂಟಕ್ಕೆ ತಡವಾಗಿ ಕಳಿಸುವುದು, ಶೌಚಾಲಯ ತೊಳೆಸುವುದು ಕೂಡ ಸಲ್ಲದು. ‘ದಡ್ಡ’, ‘ಕುಳ್ಳಿ’, ‘ನಿಮ್ಮಪ್ಪನ ಹಾಗೇ ಆಗ್ತೀಯ’ ಅನ್ನುವ ಮಾತುಗಳು ಮನಸ್ಸಿಗೆ ಕೊಡುವ ಹಿಂಸೆ. ಒಂಬತ್ತು, ಹತ್ತನೇ ತರಗತಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ವಯಸ್ಸು ದಾಟಿರುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ 18 ವರ್ಷದವರೆಗಿನ ಎಲ್ಲ ಮಕ್ಕಳನ್ನೂ ಕ್ರೌರ್ಯದಿಂದ ಕಾಯುತ್ತದೆ.

ತುಂಬಾ ತೊಂದರೆ ಕೊಡುವ ಮಗುವಿಗೆ ಟಿ.ಸಿ. ಕೊಟ್ಟು ಕಳಿಸಬಹುದಾ?

ಎಂಟನೇ ತರಗತಿ ಮುಗಿಯುವವರೆಗೆ ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿಯ ನಂತರ 5 ಮತ್ತು 8ನೇ ತರಗತಿಯಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶ ಸಿಕ್ಕಿದೆ. ಶಾಲೆಯಿಂದ ಹೊರಹಾಕಲು ಅವಕಾಶ ಸಿಕ್ಕಿಲ್ಲ. ‘ಟಿ.ಸಿ. ಕೊಟ್ಟುಬಿಡ್ತೀನಿ’ ಅಂತ ಹೆದರಿಸುವುದನ್ನೂ ಬಿಡೋಣ. ಮಾಡಲಾಗದ್ದನ್ನು ಹೇಳಿದರೆ ಮಕ್ಕಳಿಗೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಆಮೇಲೆ ನಾವು ಹೇಳುವ ಬೇರೆ ಮಾತುಗಳಿಗೂ ಬೆಲೆ ಇರುವುದಿಲ್ಲ.

‘ಕ್ಲಾಸ್ ಕಂಟ್ರೋಲ್‌ಗೆ ಬರ್ತಿಲ್ಲ’ ಅಂತ ಹೇಳಿಕೊಳ್ಳಲು ಶಿಕ್ಷಕರಿಗೆ ನಾಚಿಕೆ. ಮುಖ್ಯ ಶಿಕ್ಷಕರು ಇದನ್ನು ಹೇಗೆ ನೋಡಬೇಕು?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ನನ್ನ ಮಟ್ಟಿಗೆ ಎಲ್ಲದರ ಬೇರು ಇಲ್ಲಿದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಏಳನೇ ತರಗತಿ ಕೊಟ್ಟರು. ಊಟ ಆದ ಮೇಲಿನ ಪೀರಿಯಡ್ ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ. ಒಂದು ದಿನ ಸದ್ದು ಆಫೀಸಿನವರೆಗೂ ಹೋಯಿತು. ಆಗಿನ ಮುಖ್ಯ ಶಿಕ್ಷಕರು ಬಾಗಿಲಿಗೆ ಬಂದು, ಮಕ್ಕಳ ಮುಂದೆಯೇ, ‘ಒಂದು ಕ್ಲಾಸ್ ಸುಮ್ಮನಿರಿಸೋಕೆ ಆಗಲ್ವಾ ನಿಮಗೆ?’ ಅಂದರು. ಅವರು ಹೋದ ಮೇಲೆ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಆ ವರ್ಷ ಪೂರ್ತಿ ನಾನು ಆ ತರಗತಿಯನ್ನು ಮತ್ತೆ ಗೆಲ್ಲಲಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಪಾಠ ಮಾಡಲು ಕಲಿತೆ, ಸದ್ದು ಹೊರಗೆ ಹೋಗದಿರಲಿ ಅಂತ.

ಬಾಗಿಲು ಮುಚ್ಚಿದ ತರಗತಿಗಳಲ್ಲೇ ಕೋಲು ಹೊರಗೆ ಬರುವುದು. ಅದಕ್ಕೇ ಮುಖ್ಯ ಶಿಕ್ಷಕರಿಗೆ ನನ್ನ ಮೊದಲ ಕೋರಿಕೆ: ಮಕ್ಕಳ ಮುಂದೆ ಶಿಕ್ಷಕರನ್ನು ಯಾವತ್ತೂ ಗದರಬೇಡಿ. ಒಳಗೆ ಬನ್ನಿ, ‘ಏನು ಪಾಠ ನಡೀತಿದೆ ಮೇಡಂ?’ ಅಂತ ಕೇಳಿ, ಐದು ನಿಮಿಷ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ನೀವು ಆ ಶಿಕ್ಷಕರ ಕಡೆ ಇದ್ದೀರಿ ಅಂತ ಮಕ್ಕಳಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಗಲಾಟೆ ಜಾಸ್ತಿ ಆಗುವುದು ಯಾವ ಹೊತ್ತಿನಲ್ಲಿ ಅಂತ ನೋಡಿಕೊಂಡು ಆ ಹೊತ್ತಿಗೆ ಕಾರಿಡಾರಿನಲ್ಲಿ ಓಡಾಡಿ. ನಮ್ಮಲ್ಲಿ ಅದು ಊಟ ಆದ ಮೇಲಿನ ಮೊದಲ ಅರ್ಧ ಗಂಟೆ. ಆ ಹೊತ್ತಿನ ಕಡತದ ಕೆಲಸವನ್ನು ನಾನು ಸಂಜೆಗೆ ಹಾಕಿಕೊಂಡಿದ್ದೇನೆ.

ಇನ್ನೊಂದು ದಾರಿ: ಅವರ ತರಗತಿಯನ್ನು ವಾರಕ್ಕೊಂದು ಪೀರಿಯಡ್ ನೀವು ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಅವರು ಅನುಭವಿ ಸಹೋದ್ಯೋಗಿಯ ತರಗತಿಗೆ ಹೋಗಿ ಕೂರಲಿ. ನಮ್ಮ ಶಾಲೆಯ ಹೊಸ ಮೇಷ್ಟ್ರೊಬ್ಬರು ಹಾಗೆ ಹೋಗಿ ಬಂದು ಹೇಳಿದ್ದು ಇಷ್ಟೇ: ‘ಮೇಡಂ, ಅವರು ಸದ್ದು ನಿಲ್ಲೋವರೆಗೂ ಮಾತೇ ಶುರು ಮಾಡಲ್ಲ. ನಾನು ಸದ್ದಿನ ಮೇಲೇ ಕಿರುಚ್ತಿದ್ದೆ.’ ಯಾವ ತರಬೇತಿಯಿಂದಲೂ ಅವರಿಗೆ ಸಿಗದಿದ್ದ ಪಾಠ ಅದು.

ಒಂದು ಮಗು ಪಾಠ ಮಾಡಲು ಬಿಡುವುದೇ ಇಲ್ಲ. ಆ ಕ್ಷಣಕ್ಕೆ ಏನು ಮಾಡಬೇಕು?

ಮೊದಲು ಹತ್ತಿರ ಹೋಗಿ ನಿಂತುಕೊಳ್ಳಿ, ಪಾಠ ನಿಲ್ಲಿಸಬೇಡಿ. ಅರ್ಧದಷ್ಟು ತರಲೆ ಅಷ್ಟಕ್ಕೇ ನಿಲ್ಲುತ್ತದೆ. ಆಗಲಿಲ್ಲವಾದರೆ ಹೆಸರು ಹೇಳಿ, ಮಾಡಬೇಕಾದ ಒಂದೇ ಕೆಲಸ ಹೇಳಿ: ‘ಪುಸ್ತಕ ತೆಗಿ.’ ‘ಯಾಕೆ ಹೀಗೆ ಮಾಡ್ತೀಯ’ ಅಂತ ಎಲ್ಲರ ಮುಂದೆ ಕೇಳಿದರೆ ಉತ್ತರ ಬರುವುದಿಲ್ಲ. ಬಂದರೂ ಅದು ಗೆಳೆಯರನ್ನು ನಗಿಸುವ ಉತ್ತರವೇ. ಹೇಳಿ ಅಲ್ಲಿಂದ ಸರಿಯಿರಿ. ಮಗುವಿಗೂ ಒಂದು ಮರ್ಯಾದೆ ಇರುತ್ತದೆ. ನೀವು ಕಣ್ಣಲ್ಲಿ ಕಣ್ಣಿಟ್ಟು ನಿಂತರೆ ಅದು ಸೋಲಲು ತಯಾರಿರುವುದಿಲ್ಲ. ಅರ್ಧ ನಿಮಿಷ ಬಿಟ್ಟು ನೋಡಿ, ಪುಸ್ತಕ ಹೊರಗೆ ಬಂದಿರುತ್ತದೆ. ಆಗ ಒಂದು ಸಲ ತಲೆಯಾಡಿಸಿ.

ಅದೂ ಆಗದ ದಿನಕ್ಕೆ ಶಾಲೆಯಲ್ಲಿ ಒಂದು ಏರ್ಪಾಡು ಮೊದಲೇ ಇರಬೇಕು. ನಮ್ಮಲ್ಲಿ ಪ್ರತಿ ತರಗತಿಗೂ ಒಂದು ಜೋಡಿ ತರಗತಿ ಇದೆ. ಮಗು ತನ್ನ ಪುಸ್ತಕ, ಪೆನ್ನು ಹಿಡಿದು ಅಲ್ಲಿಗೆ ಹೋಗುತ್ತದೆ. ಮೂಲೆಯ ಜಾಗದಲ್ಲಿ ಕೂತು ಹತ್ತು ನಿಮಿಷ ತನ್ನ ಕೆಲಸ ಮಾಡಿ ವಾಪಸ್ ಬರುತ್ತದೆ. ಅಲ್ಲಿಯ ಶಿಕ್ಷಕರು ಬೈಯುವುದಿಲ್ಲ, ವಿಚಾರಿಸುವುದೂ ಇಲ್ಲ. ಹೊರಗೆ ನಿಲ್ಲಿಸುವುದಕ್ಕಿಂತ ಇದು ಎಷ್ಟೋ ವಾಸಿ. ಹೊರಗೆ ನಿಂತ ಮಗು ಕಿಟಕಿಯಿಂದ ಇನ್ನೊಂದು ನಾಟಕ ಶುರು ಮಾಡುತ್ತದೆ, ಇಲ್ಲ ಗೇಟು ದಾಟುತ್ತದೆ. ಅಂದೇ ಮನೆಗೆ ಹೋಗುವ ಮೊದಲು ಎರಡು ನಿಮಿಷ ಅದೇ ಶಿಕ್ಷಕರು ಆ ಮಗುವಿನ ಜೊತೆ ಒಂಟಿಯಾಗಿ ಮಾತಾಡಬೇಕು. ಇದನ್ನು ಮಾತ್ರ ಮರುದಿನಕ್ಕೆ ಉಳಿಸಬಾರದು.

ಇಬ್ಬರು ಹೊಡೆದಾಡುತ್ತಿದ್ದರೆ ಬೇರೆ ಮಾಡಿ, ಬೇರೆ ಬೇರೆ ಕಡೆ ಕೂರಿಸಿ, ನೀರು ಕೊಡಿ. ಯಾರು ಮೊದಲು ಹೊಡೆದಿದ್ದು ಅನ್ನುವ ವಿಚಾರಣೆ ಅರ್ಧ ಗಂಟೆ ಬಿಟ್ಟು.

ಲೀಡರ್ ಕೈಲಿ ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಸುವುದು ಸರಿಯಾ?

ದಯವಿಟ್ಟು ನಿಲ್ಲಿಸಿ. ನಾವೆಲ್ಲ ಹಾಗೆ ಬರೆದಿದ್ದೇವೆ, ಬರೆಸಿಕೊಂಡಿದ್ದೇವೆ. ಹೆಸರಿನ ಮುಂದೆ ಇಂಟು ಮಾರ್ಕ್ ಹೆಚ್ಚುತ್ತಾ ಹೋಗುವುದು ಎಲ್ಲರಿಗೂ ನೆನಪಿದೆ. ಅಲ್ಲಿ ಬೀಳುವುದು ಲೀಡರಿಗೆ ಆಗದವರ ಹೆಸರು. ತಿಂಡಿ ಕೊಟ್ಟವರ ಹೆಸರು ಅಳಿಸಿಹೋಗುತ್ತದೆ. ಹತ್ತು ವರ್ಷದ ಮಗುವಿನ ಕೈಗೆ ಪೊಲೀಸ್ ಕೆಲಸ ಕೊಡುವುದು ಆ ಮಗುವಿಗೂ ಒಳ್ಳೆಯದಲ್ಲ. ಬರೆಸಲೇಬೇಕು ಅನ್ನಿಸಿದರೆ ಇವತ್ತು ಯಾರು ಯಾರಿಗೆ ಸಹಾಯ ಮಾಡಿದರು ಅಂತ ಬರೆಸಿ.

ಪ್ರತಿ ಶಿಕ್ಷಕರದ್ದೂ ಒಂದೊಂದು ನಿಯಮ. ಇದನ್ನು ಸರಿ ಮಾಡುವುದು ಹೇಗೆ?

ಗಣಿತದ ಮೇಷ್ಟ್ರು ಮಾತಾಡಿದರೆ ಎದ್ದು ನಿಲ್ಲಿಸುತ್ತಾರೆ, ಕನ್ನಡದ ಮೇಡಂ ನಗುತ್ತಾ ಬಿಟ್ಟುಬಿಡುತ್ತಾರೆ. ಆಗ ಮಕ್ಕಳು ಕಲಿಯುವುದು ಯಾರ ಹತ್ತಿರ ಏನು ನಡೆಯುತ್ತದೆ ಅನ್ನುವುದನ್ನು. ತೊಂದರೆ ಆಗುವುದು ಮೆತ್ತಗಿನ ಶಿಕ್ಷಕರಿಗೆ.

ಜೂನ್ ಮೊದಲ ವಾರದಲ್ಲಿ ಎಲ್ಲರೂ ಒಟ್ಟಿಗೆ ಕೂತು ನಾಲ್ಕೋ ಐದೋ ನಿಯಮ ಮಾಡಿ. ಅಡುಗೆಯವರು, ದೈಹಿಕ ಶಿಕ್ಷಕರು, ಅತಿಥಿ ಶಿಕ್ಷಕರು ಎಲ್ಲರೂ ಇರಲಿ. ಮಕ್ಕಳನ್ನೂ ಕೇಳಿ. ಶಾಲಾ ಸಂಸತ್ತು ಇರುವುದು ಪ್ರಮಾಣವಚನದ ಫೋಟೊಗಷ್ಟೇ ಅಲ್ವಲ್ಲ. ನಮ್ಮ ಆರನೇ ತರಗತಿಯವರು ಬರೆದುಕೊಟ್ಟ ಒಂದು ನಿಯಮ ಈಗಲೂ ಗೋಡೆಯ ಮೇಲಿದೆ: ‘ಒಬ್ಬರು ಮಾತಾಡುವಾಗ ಒಬ್ಬರೇ.’ ನಾವು ಬರೆದಿದ್ದರೆ ಮೂರು ಸಾಲು ಆಗುತ್ತಿತ್ತು. ನಿಯಮ ಮುರಿದರೆ ಏನಾಗುತ್ತದೆ ಅನ್ನುವುದೂ ಎಲ್ಲ ತರಗತಿಗಳಲ್ಲೂ ಒಂದೇ ಆಗಿರಲಿ. ಚೆಲ್ಲಿದ್ದನ್ನು ಒರೆಸುವುದು, ಹರಿದ ಪುಸ್ತಕಕ್ಕೆ ಅಂಟು ಹಾಕುವುದು, ನೋಯಿಸಿದವರ ಹತ್ತಿರ ಹೋಗಿ ಮಾತಾಡುವುದು. ಮಾಡಿದ ತಪ್ಪಿಗೂ ಅದನ್ನು ಸರಿ ಮಾಡುವ ಕೆಲಸಕ್ಕೂ ನಂಟು ಇರಬೇಕು.

ಎಲ್ಲವನ್ನೂ ಬರೆದಿಡಬೇಕಾ? ಈಗಲೇ ದಾಖಲೆಗಳು ಜಾಸ್ತಿ.

ಎಲ್ಲವನ್ನೂ ಬೇಡ. ಪದೇ ಪದೇ ತೊಂದರೆ ಆಗುವ ಒಂದಿಬ್ಬರು ಮಕ್ಕಳ ಬಗ್ಗೆ ಮಾತ್ರ, ಎರಡು ವಾರ. ದಿನ, ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಒಂದೊಂದಕ್ಕೆ ಒಂದು ಸಾಲು. ‘ಕೆಟ್ಟದಾಗಿ ನಡೆದುಕೊಂಡ’ ಅಂತ ಬರೆಯಬೇಡಿ, ‘ಡಸ್ಟರ್ ಎಸೆದ’ ಅಂತ ಬರೆಯಿರಿ.

ನಾಲ್ಕನೇ ತರಗತಿಯ ಒಬ್ಬ ಹುಡುಗನ ಬಗ್ಗೆ ಹೀಗೆ ಬರೆದಾಗ ಗೊತ್ತಾಗಿದ್ದು: ಅವನ ರಂಪ ಎಲ್ಲ ಗಟ್ಟಿಯಾಗಿ ಓದಿಸುವ ಸರದಿ ಅವನ ಹತ್ತಿರ ಬರುವ ಮುಂಚೆ. ಅವನಿಗೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಎಲ್ಲರ ಮುಂದೆ ತಡವರಿಸುವುದಕ್ಕಿಂತ ಬೈಸಿಕೊಳ್ಳುವುದೇ ಅವನಿಗೆ ಮೇಲು ಅನ್ನಿಸಿತ್ತು. ಸಂಜೆ ಇಪ್ಪತ್ತು ನಿಮಿಷ ಓದಿಸಿದೆವು, ಮೂರು ತಿಂಗಳು. ಸರದಿ ಬರುವ ಹಿಂದಿನ ದಿನವೇ ಅವನ ಪಾಲಿನ ಪ್ಯಾರಾ ಹೇಳಿಬಿಡುತ್ತಿದ್ದೆವು. ರಂಪ ಪೂರ್ತಿ ನಿಲ್ಲಲಿಲ್ಲ. ಆದರೆ ಡಸ್ಟರ್ ಮತ್ತೆ ಹಾರಲಿಲ್ಲ.

ಮಗುವಿಗೆ ಬೇರೆ ಏನೋ ತೊಂದರೆ ಇದೆ ಅನ್ನಿಸಿದರೆ?

ಮೊದಲು ಸುಲಭದ ಕಾರಣಗಳನ್ನು ನೋಡಿ. ಬೋರ್ಡ್ ಕಾಣಿಸುತ್ತದಾ, ಕಿವಿ ಕೇಳಿಸುತ್ತದಾ, ಬೆಳಿಗ್ಗೆ ತಿಂಡಿ ಆಗಿದೆಯಾ, ರಾತ್ರಿ ನಿದ್ದೆ ಆಗಿದೆಯಾ. ಅಪ್ಪ ಕುಡಿದು ಬಂದು ಗಲಾಟೆ ಮಾಡಿದ ರಾತ್ರಿಯ ಮರುದಿನ ಮಗು ಶಾಲೆಯಲ್ಲಿ ಗಲಾಟೆ ಮಾಡುತ್ತದೆ. ಅಪ್ಪ ಅಮ್ಮ ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಕ್ಕಳ ಕಥೆ ಉತ್ತರ ಕರ್ನಾಟಕದ ಶಿಕ್ಷಕರಿಗೆ ನಾನು ಹೇಳಬೇಕಿಲ್ಲ.

ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಈ ಮಕ್ಕಳನ್ನು ಬೇರೆಯಾಗಿ ತೋರಿಸಿ. ಸಾಲಿನಲ್ಲಿ ನಿಲ್ಲಿಸಿ ಮುಗಿಸಬೇಡಿ. ಕಲಿಕೆಯ ತೊಂದರೆ ಅನ್ನಿಸಿದರೆ ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸಮನ್ವಯ ಶಿಕ್ಷಣದ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನೂ ಜೊತೆಗೆ ಸೇರಿಸಿ ಕಲಿಸುವ, ಸಂಪನ್ಮೂಲ ಶಿಕ್ಷಕರನ್ನು ಕರೆಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಮನಸ್ಸಿನ ತೊಂದರೆ ಅನ್ನಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ‘ಇವನಿಗೆ ಎಡಿಎಚ್‌ಡಿ ಇರಬೇಕು’ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಸ್ಟಾಫ್ ರೂಮಿನಲ್ಲಿ ನಾವೇ ಹಣೆಪಟ್ಟಿ ಹಚ್ಚುವುದು ಬೇಡ. ನಾವು ಕಂಡಿದ್ದನ್ನು ಹೇಳೋಣ, ಹೆಸರು ಇಡುವುದು ವೈದ್ಯರ ಕೆಲಸ.

ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿದರೆ, ಅಥವಾ ಹಾಗೆ ಅನುಮಾನ ಬಂದರೆ, ಸಭೆ ಕರೆದು ಚರ್ಚಿಸುವ ವಿಷಯ ಅದಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಮಗುವಿನ ಹೆಸರು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು.

‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ’ ಅನ್ನುವ ಪೋಷಕರಿಗೆ ಏನು ಹೇಳುವುದು?

ಅವರ ನಂಬಿಕೆಗೆ ಮೊದಲು ಮರ್ಯಾದೆ ಕೊಡಿ. ಅವರು ಕೇಳುತ್ತಿರುವುದು ಏಟನ್ನಲ್ಲ, ಮಗ ಹಾಳಾಗದಿರಲಿ ಅಂತ. ನಾನು ಹೇಳುವುದು: ‘ಹೊಡೆಯಲ್ಲ ಅಣ್ಣಾ. ಆದ್ರೆ ಬಿಡೋದೂ ಇಲ್ಲ. ನೀವು ರಾತ್ರಿ ಹತ್ತು ನಿಮಿಷ ಅವನ ಪಕ್ಕ ಕೂತ್ಕೊಳ್ಳಿ, ಓದೋಕೆ ಬರದಿದ್ರೂ ಪರವಾಗಿಲ್ಲ.’ ದೂರು ಹೇಳಲು ಮಾತ್ರ ಪೋಷಕರನ್ನು ಕರೆಸುವ ಅಭ್ಯಾಸ ಬಿಟ್ಟರೆ ಈ ಮಾತು ಕಿವಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಒಂದು ಒಳ್ಳೆಯ ಸುದ್ದಿಗಾಗಿಯೂ ಫೋನ್ ಮಾಡಿ. ನಾನು ಮೊದಲ ಸಲ ಹಾಗೆ ಮಾಡಿದಾಗ ಆ ತಾಯಿ, ‘ಏನು ಮಾಡಿದ ಮೇಡಂ?’ ಅಂತ ಗಾಬರಿಯಾಗಿ ಕೇಳಿದರು. ಏನೂ ಇಲ್ಲ, ಇವತ್ತು ಚಿಕ್ಕವರಿಗೆ ಊಟ ಬಡಿಸಲು ಸಹಾಯ ಮಾಡಿದ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಪೋಷಕರು ಶಿಕ್ಷಕರ ಮೇಲೆ ಜಗಳಕ್ಕೆ ಬಂದರೆ?

ಶಿಕ್ಷಕರನ್ನು ಒಂಟಿಯಾಗಿ ಮುಂದೆ ಬಿಡಬಾರದು. ಮುಖ್ಯ ಶಿಕ್ಷಕರು ಆಫೀಸಿನಲ್ಲಿ ಕೂರಿಸಿ, ಮೊದಲು ಪೂರ್ತಿ ಕೇಳಿಸಿಕೊಳ್ಳಲಿ. ಎಸ್‌ಡಿಎಂಸಿಯ ಒಬ್ಬರು ಜೊತೆಗಿರಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಸದಸ್ಯರಲ್ಲಿ ಅರ್ಧ ಹೆಂಗಸರು. ಊರಿನ ತಾಯಿಯೊಬ್ಬರು ಹೇಳಿದ ಮಾತು ನಾವು ಹೇಳುವುದಕ್ಕಿಂತ ಬೇಗ ನಾಟುತ್ತದೆ. ಶಿಕ್ಷಕರದ್ದೇ ತಪ್ಪಿದ್ದರೆ ಒಪ್ಪಿಕೊಳ್ಳಬೇಕು. ಬೆನ್ನಿಗೆ ನಿಲ್ಲುವುದು ಅಂದರೆ ತಪ್ಪು ಮುಚ್ಚಿಹಾಕುವುದಲ್ಲ.

ಹೈಸ್ಕೂಲ್ ಹುಡುಗರು ಶಿಕ್ಷಕಿಗೆ ಕೆಟ್ಟ ಮಾತು ಆಡುತ್ತಾರೆ, ವಿಡಿಯೊ ಮಾಡಿ ಹರಡುತ್ತಾರೆ. ಶಾಲೆಯಲ್ಲಿ ಹೇಳಿದರೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುತ್ತಾರೆ.

ಆ ಮಾತು ಕೇಳಿದರೆ ನನಗೆ ತುಂಬಾ ಸಂಕಟವಾಗುತ್ತದೆ. ‘ನೀವು ಸೀರೆ ಸರಿಯಾಗಿ ಪಿನ್ ಮಾಡ್ಕೊಳ್ಳಿ’ ಅನ್ನುವ ಸಲಹೆಯನ್ನೂ ಒಬ್ಬ ಯುವ ಶಿಕ್ಷಕಿ ಕೇಳಿ ಬಂದಿದ್ದರು. ಶಿಕ್ಷಕಿಯ ಮರ್ಯಾದೆ ಅವರ ಸ್ವಂತ ಸಮಸ್ಯೆ ಅಲ್ಲ. ಅವರು ಕೆಲಸ ಮಾಡುವ ಜಾಗದ ಸುರಕ್ಷತೆಯ ವಿಷಯ ಅದು.

ಅವತ್ತೇ ಬರೆದು ಮುಖ್ಯ ಶಿಕ್ಷಕರಿಗೆ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಹುಡುಗರ ಜೊತೆ ಮಾತಾಡುವುದು ಮುಖ್ಯ ಶಿಕ್ಷಕರ ಕೆಲಸ. ಆ ಶಿಕ್ಷಕಿಯೇ ಅವರನ್ನು ಎದುರಿಸಿ ‘ಗೆಲ್ಲಬೇಕು’ ಅಂತ ನಿರೀಕ್ಷಿಸಬೇಡಿ. ಪೋಷಕರನ್ನು ಕರೆಸಿ, ವಿಡಿಯೊ ತೆಗೆಸಿಹಾಕಿ, ಹಂಚಿದವರೂ ತಪ್ಪುಗಾರರೇ ಅಂತ ಇಡೀ ತರಗತಿಗೆ ಹೇಳಿ. ವಿಷಯ ಗಂಭೀರವಾಗಿದ್ದರೆ ಪೊಲೀಸ್ ದೂರು ಕೊಡುವ ಹಕ್ಕು ಶಿಕ್ಷಕಿಗೆ ಇದೆ. ಶಾಲೆ ಅದನ್ನು ತಡೆಯಬಾರದು. ಹುಡುಗರು 18 ವರ್ಷದೊಳಗಿನವರಾದರೆ ಬಾಲನ್ಯಾಯ ಕಾಯ್ದೆಯ ದಾರಿಯಲ್ಲೇ ಅದು ನಡೆಯುತ್ತದೆ, ಅವರನ್ನು ಲಾಕಪ್‌ಗೆ ಹಾಕುವ ಹಾಗಿಲ್ಲ. ಇದು ಗೊತ್ತಿದ್ದರೆ ‘ಹುಡುಗರ ಭವಿಷ್ಯ ಹಾಳಾಗುತ್ತದೆ’ ಅಂತ ದೂರು ಅದುಮಿಡುವ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ.

ಮಕ್ಕಳು ಜಾತಿ ಹಿಡಿದು ಬೈದಾಡಿದರೆ?

‘ಮಕ್ಕಳು, ಗೊತ್ತಾಗದೆ ಅಂದಿದ್ದಾರೆ’ ಅಂತ ಬಿಡಬೇಡಿ. ಕೇಳಿಸಿಕೊಂಡ ಮಗುವಿಗೆ ಅದು ಚೆನ್ನಾಗಿ ಗೊತ್ತಾಗಿರುತ್ತದೆ. ಆ ಮಗುವಿನ ಜೊತೆ ಮೊದಲು ಮಾತಾಡಿ, ಅಂದ ಮಗುವಿನ ಜೊತೆ ಆಮೇಲೆ. ಊಟದ ಸಾಲು, ನೀರಿನ ಕೊಡ, ಕೂರುವ ಜಾಗ ಹೇಗೆ ನಡೆಯುತ್ತಿದೆ ಅಂತಲೂ ನೋಡಿಕೊಳ್ಳಿ. ಮಾತು ಅಲ್ಲಿಂದಲೇ ಬಂದಿರಬಹುದು.

ಗುಟ್ಕಾ ಸಿಕ್ಕಿದರೆ?

ಮಗುವನ್ನು ಬೈಯುವುದಕ್ಕಿಂತ ಮುಂಚೆ ಎಲ್ಲಿಂದ ಸಿಕ್ಕಿತು ಅಂತ ತಿಳಿದುಕೊಳ್ಳಿ. ಮಗುವಿಗೆ ತಂಬಾಕು, ಮಾದಕ ವಸ್ತು ಕೊಡುವವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಎಸ್‌ಡಿಎಂಸಿಯವರು ಹೋಗಿ ಅಂಗಡಿಯವರಿಗೆ ಇದನ್ನು ಹೇಳಲಿ.

ನಾನು ಅತಿಥಿ ಶಿಕ್ಷಕಿ. ‘ನೀವು ಪರ್ಮನೆಂಟ್ ಅಲ್ಲ’ ಅಂತ ಮಕ್ಕಳೇ ಹೇಳುತ್ತಾರೆ.

ಮಕ್ಕಳು ಅದನ್ನು ದೊಡ್ಡವರ ಬಾಯಿಂದ ಕೇಳಿರುತ್ತಾರೆ. ಪ್ರಾರ್ಥನೆಯಲ್ಲಿ ನಿಮ್ಮನ್ನು ಎಲ್ಲರ ಸಾಲಿನಲ್ಲಿ ನಿಲ್ಲಿಸಿ ಪರಿಚಯಿಸುವುದು, ಸಭೆಗೆ ಕರೆಯುವುದು, ಕಷ್ಟದ ತರಗತಿಯನ್ನೇ ನಿಮ್ಮ ತಲೆಗೆ ಕಟ್ಟದಿರುವುದು ಮುಖ್ಯ ಶಿಕ್ಷಕರ ಜವಾಬ್ದಾರಿ. ಇದನ್ನು ಓದುತ್ತಿರುವ ಮುಖ್ಯ ಶಿಕ್ಷಕರಲ್ಲಿ ನಾನು ಕೈಮುಗಿದು ಕೇಳುತ್ತೇನೆ.

ಮೂರು ತರಗತಿಗೆ ಒಬ್ಬರೇ ಶಿಕ್ಷಕರು. ಇದೆಲ್ಲ ನಮ್ಮಲ್ಲಿ ಆಗುತ್ತದಾ?

ಪೂರ್ತಿ ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು ಇರಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಕೇಳುವ ಕೆಲಸ ಎಸ್‌ಡಿಎಂಸಿ ಮಾಡಲಿ. ಶಿಕ್ಷಕರ ಕೊರತೆಯನ್ನು ಶಿಕ್ಷಕರ ಜಾಣತನದಿಂದ ತುಂಬಿಸಿಕೊಳ್ಳಿ ಅನ್ನುವುದು ನ್ಯಾಯ ಅಲ್ಲ. ಅಲ್ಲಿಯವರೆಗೆ ನಲಿ-ಕಲಿಯಿಂದ ಒಂದು ಪಾಠ ತೆಗೆದುಕೊಳ್ಳಬಹುದು. 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ತನ್ನ ಕಾರ್ಡ್ ತಾನೇ ಹುಡುಕಿಕೊಂಡು ಕೆಲಸ ಶುರು ಮಾಡುತ್ತದೆ. ಗಲಾಟೆ ಹುಟ್ಟುವುದು ಕೈ ಖಾಲಿ ಇರುವಾಗ. ಒಂದು ತರಗತಿಗೆ ಪಾಠ ಮಾಡುವಾಗ ಉಳಿದ ಎರಡರ ಕೈಗೆ ಏನು ಕೊಟ್ಟಿದ್ದೀರಿ ಅನ್ನುವುದರಲ್ಲೇ ಮುಕ್ಕಾಲು ಶಿಸ್ತು ಇದೆ.

ಇವತ್ತು ಸಿಟ್ಟಿನಲ್ಲಿ ಕೈ ಎತ್ತಿಬಿಟ್ಟೆ. ಈಗ ಏನು ಮಾಡಲಿ?

ರಾತ್ರಿಯ ಫೋನುಗಳು ಹೆಚ್ಚಾಗಿ ಇದೇ. ಕರೆ ಮಾಡಿದವರು ಅಳುತ್ತಿರುತ್ತಾರೆ.

ಮಗುವಿಗೆ ಪೆಟ್ಟಾಗಿದೆಯಾ ಅಂತ ಮೊದಲು ನೋಡಿ. ಆಗಿದ್ದರೆ ಆಸ್ಪತ್ರೆ. ಮುಖ್ಯ ಶಿಕ್ಷಕರಿಗೆ ನೀವೇ ಹೇಳಿ, ಬೇರೆಯವರಿಂದ ಗೊತ್ತಾಗುವ ಮುಂಚೆ. ಪೋಷಕರಿಗೂ ಅಂದೇ ತಿಳಿಸಿ. ಮಗುವಿನ ಹತ್ತಿರ ‘ನಾನು ಹೊಡೆದಿದ್ದು ತಪ್ಪು’ ಅನ್ನಿ. ‘ಆದ್ರೆ ನೀನೂ...’ ಅಂತ ಸೇರಿಸಬೇಡಿ. ಶಿಸ್ತು ಕ್ರಮ ಬಂದರೆ ಬರಲಿ, ಎದುರಿಸೋಣ.

ಆಮೇಲೆ ನಿಮ್ಮನ್ನು ನೀವು ನೋಡಿಕೊಳ್ಳಿ. ಎಷ್ಟು ದಿನದಿಂದ ನಿದ್ದೆ ಇಲ್ಲ? ಮನೆಯಲ್ಲಿ ಯಾರಿಗೆ ಹುಷಾರಿಲ್ಲ? ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಖ್ಯ ಶಿಕ್ಷಕರು ಆ ತರಗತಿಯನ್ನು ಎರಡು ದಿನ ಬೇರೆಯವರಿಗೆ ಕೊಡಲಿ. ನಂಬಿಕೆಯ ಒಬ್ಬ ಸಹೋದ್ಯೋಗಿಯ ಜೊತೆ ಒಂದು ಸನ್ನೆ ಮಾತಾಡಿಕೊಳ್ಳಿ. ನಮ್ಮ ಶಾಲೆಯಲ್ಲಿ ‘ಚಾಕ್‌ಪೀಸ್ ಕೊಡಿ’ ಅಂತ ಹುಡುಗನನ್ನು ಕಳಿಸಿದರೆ, ಪಕ್ಕದ ತರಗತಿಯವರು ತಾವೇ ಎದ್ದು ಬರುತ್ತಾರೆ. ಬಂದವರು ಪಾಠ ಮುಂದುವರಿಸುತ್ತಾರೆ. ಇವರು ಹೊರಗೆ ಹೋಗಿ ನೀರು ಕುಡಿದು ಬರುತ್ತಾರೆ. ಈ ವರ್ಷ ನಾನೂ ಎರಡು ಸಲ ಚಾಕ್‌ಪೀಸ್ ಕೇಳಿ ಕಳಿಸಿದ್ದೇನೆ.

ಇದೆಲ್ಲ ಮಾಡಿದರೆ ಎಷ್ಟು ದಿನದಲ್ಲಿ ಬದಲಾವಣೆ ಕಾಣುತ್ತದೆ?

ಮೊದಲ ಎರಡು ವಾರ ಗಲಾಟೆ ಜಾಸ್ತಿಯಾಗಬಹುದು. ನಿಮ್ಮ ಮಾತು ಎಷ್ಟು ಗಟ್ಟಿ ಅಂತ ಮಕ್ಕಳು ನೋಡುತ್ತಾರೆ. ಅಲ್ಲೇ ಹೆಚ್ಚಿನವರು ಕೈಬಿಡುವುದು. ಜೂನ್‌ನಲ್ಲಿ ಶುರು ಮಾಡಿದರೆ ದಸರಾ ರಜೆಯ ಹೊತ್ತಿಗೆ ತರಗತಿಯ ಸದ್ದೇ ಬೇರೆಯಾಗುತ್ತದೆ ಅನ್ನುವುದು ನನ್ನ ಅನುಭವ. ಅಲ್ಲಿಯವರೆಗೆ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಎಲ್ಲ ಶಿಕ್ಷಕರೂ ಕೂತು ಆ ವಾರದ ಒಂದೇ ಒಂದು ಮಗುವಿನ ಬಗ್ಗೆ ಮಾತಾಡಿ. ಸುತ್ತೋಲೆ, ಅಂಕಿಅಂಶ ಬೇಡ. ನಾವು ಚಹಾ ಮಾಡಿಕೊಂಡು ಐದನೇ ತರಗತಿಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೇ ಕೂರುತ್ತೇವೆ.